ಅಚ್ಚರಿಯೇ ವಿಮರ್ಶೆಯಲ್ಲ

ಪಶ್ಚಿಮದ ಶಾಸ್ತ್ರೀಯ ಸಂಗೀತದಲ್ಲಿ ಹಿತ್ತಾಳೆ ವಾದ್ಯಗಳ ಪುಟ್ಟ ಮೇಳವೊಂದು ಕಛೇರಿ ಕೊಟ್ಟಾಗ, ಅದರ ಬಗ್ಗೆ ಬರುವ ವಿಮರ್ಶೆಗಳಲ್ಲಿ ಒಂದು ಹೊಗಳಿಕೆ ಮತ್ತೆ ಮತ್ತೆ ಕಾಣಿಸುತ್ತದೆ. ಈ ವಾದ್ಯಗಳಿಂದ ಇಷ್ಟು ಮೆತ್ತನೆಯ ನಾದ ಹೊರಟೀತೆಂದು ಯಾರೂ ಎಣಿಸಿರಲಿಲ್ಲ, ಐವರು ಸೇರಿ ನುಡಿಸಿದ್ದು ತಂತಿವಾದ್ಯಗಳಷ್ಟೇ ನಯವಾಗಿತ್ತು, ಕಿವಿಗಡಚಿಕ್ಕುವುದೆಂದು ಅಂಜಿ ಹೋದವರು ಖುಷಿಯಿಂದ ಮರಳಿದರು: ಇದು ಅದರ ಧಾಟಿ. ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೆ ಮಾತನ್ನು ಬಿಡಿಸಿ ನೋಡಿದರೆ ಅಲ್ಲಿರುವುದು ವಾದಕರ ವಿಷಯವಲ್ಲ, ಬರೆದವರು ಮನೆಯಿಂದಲೇ ಹೊತ್ತು ತಂದ ಪೂರ್ವಗ್ರಹದ ವಿಷಯ. ಎಣಿಕೆ ಸುಳ್ಳಾಯಿತು ಎಂಬುದು ಒಂದು ಸಲ ಹೇಳಬಹುದಾದ ಸುದ್ದಿ. ತಲೆಮಾರುಗಟ್ಟಲೆ ಅದನ್ನೇ ಹೇಳುತ್ತ ಕೂತರೆ ವಿಮರ್ಶೆ ತನ್ನ ಕೆಲಸವನ್ನು ಇನ್ನೂ ಶುರು ಮಾಡಿಲ್ಲ ಎಂದೇ ಅರ್ಥ.

ಒಂದು ಕಲೆಯನ್ನು ಅಳೆಯುವ ಅಳತೆಗೋಲು ಆ ಕಲೆಯ ಒಳಗಿನಿಂದಲೇ ಹುಟ್ಟಬೇಕೋ, ಪಕ್ಕದ ಪ್ರತಿಷ್ಠಿತ ಕಲೆಯಿಂದ ಎರವಲು ತಂದರೂ ಆದೀತೋ? ಹಿತ್ತಾಳೆ ವಾದ್ಯಗಳ ಚೇಂಬರ್ ಸಂಗೀತವನ್ನು ಇಟ್ಟುಕೊಂಡು ಈ ಪ್ರಶ್ನೆಯನ್ನು ಕೇಳುವುದಕ್ಕೆ ಕಾರಣವಿದೆ. ಅದು ಸ್ವತಂತ್ರ ಪ್ರಕಾರವಾಗಿ ಬೆಳೆದು ನಿಂತದ್ದು ಎರಡನೆಯ ಮಹಾಯುದ್ಧದ ಈಚೆಗೆ. ವಿಮರ್ಶೆ ಅದನ್ನು ಹೇಗೆ ಬರಮಾಡಿಕೊಂಡಿತು, ಎಲ್ಲಿ ಎಡವಿತು ಎಂಬುದೆಲ್ಲ ನಮ್ಮ ಕಣ್ಣಳತೆಯ ಕಾಲದಲ್ಲೇ ಇದೆ.

ಚೇಂಬರ್ ಸಂಗೀತವೆಂದರೆ ದೊಡ್ಡ ವಾದ್ಯವೃಂದದ ಆಡಂಬರವಿಲ್ಲದೆ, ಒಂದು ಕೋಣೆಯಲ್ಲಿ ಕೆಲವೇ ವಾದಕರು ಕೂತು, ಮುಂದೆ ನಿಂತು ಕೈಬೀಸುವ ನಿರ್ದೇಶಕನಿಲ್ಲದೆ, ಒಬ್ಬೊಬ್ಬರು ಒಂದೊಂದು ಎಳೆ ಹಿಡಿದು ನುಡಿಸುವ ಸಂಗೀತ. ಹೈಡನ್, ಮೊಟ್ಸಾರ್ಟ್, ಬೀಥೋವನ್ ಮೂವರೂ ತಮ್ಮ ಅತ್ಯಂತ ಸೂಕ್ಷ್ಮವಾದ ಯೋಚನೆಯನ್ನು ಎರಡು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೊ ಸೇರಿದ ಸ್ಟ್ರಿಂಗ್ ಕ್ವಾರ್ಟೆಟ್ಟಿಗೆ ಕೊಟ್ಟರು. 1829ರಲ್ಲಿ ಜರ್ಮನ್ ಕವಿ ಗಯಟೆ ತನ್ನ ಸಂಗೀತಗಾರ ಗೆಳೆಯ ಟ್ಸೆಲ್ಟರನಿಗೆ ಬರೆದ ಕಾಗದದಲ್ಲಿ ಕ್ವಾರ್ಟೆಟ್ ಕೇಳುವುದೆಂದರೆ ನಾಲ್ವರು ವಿವೇಕಿಗಳ ಸಂಭಾಷಣೆಗೆ ಕಿವಿಗೊಟ್ಟಂತೆ ಎಂಬ ಅರ್ಥದ ಮಾತಾಡಿದ. ಆ ಮಾತು ಹಾಗೇ ನಿಂತುಬಿಟ್ಟಿತು. ಆಮೇಲೆ ಬಂದ ವಿಮರ್ಶೆಗೆ ಚೇಂಬರ್ ಸಂಗೀತದ ಗುಣವೆಂದರೆ ಸಂಭಾಷಣೆಯ ಗುಣ: ತಗ್ಗಿದ ದನಿ, ಜಾಣ್ಮೆ, ಒಬ್ಬರ ಮಾತನ್ನು ಇನ್ನೊಬ್ಬರು ಎತ್ತಿಕೊಳ್ಳುವ ಸೌಜನ್ಯ.

ಅಲ್ಲಿಯವರೆಗೆ ಹಿತ್ತಾಳೆ ವಾದ್ಯಗಳು ಎಲ್ಲಿದ್ದವು? ಊರ ಗೋಪುರದ ಮೇಲೆ, ಚರ್ಚಿನ ಮಹಡಿಯಲ್ಲಿ, ದಂಡಿನ ಜೊತೆ, ಬೇಟೆಯ ಕಾಡಿನಲ್ಲಿ. ವೆನಿಸ್ಸಿನ ಸಾನ್ ಮಾರ್ಕೊ ಚರ್ಚಿನ ಜೊವಾನಿ ಗಾಬ್ರಿಯೆಲಿ 1597ರಲ್ಲಿ ಪ್ರಕಟಿಸಿದ ಸಂಗ್ರಹದಲ್ಲಿ ಎದುರುಬದುರು ಗುಂಪುಗಳು ಉತ್ತರ ಪ್ರತ್ಯುತ್ತರ ಕೊಡುವ ಕೃತಿಗಳಿವೆ. ಮೆಲ್ಲಗೆ, ಜೋರಾಗಿ ಎಂದು ಬರೆದು ಸೂಚಿಸಿದ ಅತಿ ಹಳೆಯ ಕೃತಿಗಳಲ್ಲಿ ಒಂದು ಅಲ್ಲಿಯದೇ. ಲೈಪ್ಸಿಗ್‌ನಲ್ಲಿ ಬಾಖ್‌ನ ಟ್ರಂಪೆಟ್ ವಾದಕ ಗಾಟ್‌ಫ್ರೀಡ್ ರೈಖೆ ಊರಿನ ಸಂಬಳದ ವಾದಕ. ಗೋಪುರದಿಂದ ನುಡಿಸಲೆಂದು 24 ಪುಟ್ಟ ಕೃತಿಗಳನ್ನು 1696ರಲ್ಲಿ ಅಚ್ಚು ಹಾಕಿಸಿದ್ದ. 1734ರ ಅಕ್ಟೋಬರಿನಲ್ಲಿ ದೊರೆಯ ಎದುರು ಬಾಖ್‌ನ ಕಾಂಟಾಟಾ ನುಡಿಸಿದ ಮರುದಿನವೇ ಕುಸಿದು ಸತ್ತ. ಊದಿದ ಶ್ರಮ, ಪಂಜುಗಳ ಹೊಗೆ ಕಾರಣವೆಂದು ಆ ಕಾಲದವರು ಬರೆದಿಟ್ಟರು. ಬೀಥೋವನ್ 1812ರಲ್ಲಿ ಲಿಂಟ್ಸ್ ಊರಿಗಾಗಿ ನಾಲ್ಕು ಟ್ರೊಂಬೋನುಗಳಿಗೆ ಮೂರು ಚಿಕ್ಕ ಶೋಕಗೀತಗಳನ್ನು ಬರೆದ. 1827ರಲ್ಲಿ ಅವುಗಳಲ್ಲಿ ಎರಡು ಕೇಳಿದ್ದು ಅವನದೇ ಶವಯಾತ್ರೆಯಲ್ಲಿ. ದೇವರು, ರಾಜ, ಸಾವು ಈ ಮೂರರ ಸಮ್ಮುಖದಲ್ಲಿ ಮಾತಾಡುತ್ತ ಬಂದ ವಾದ್ಯಗಳಿವು. ದಿವಾನಖಾನೆಯ ಹರಟೆಗೆ ಇವನ್ನು ಕರೆದದ್ದು ಅಪರೂಪ.

ಕರೆಯದಿರುವುದಕ್ಕೆ ಕಾರಣ ನಾದವಲ್ಲ, ಲೋಹದ ಕೆಲಸ. ಹಳೆಯ ಟ್ರಂಪೆಟ್ಟು, ಹಾರ್ನುಗಳು ಬರಿಯ ಕೊಳವೆಗಳು. ತುಟಿಯ ಬಿಗಿ ಬದಲಿಸಿ ಊದಿದರೆ ಆ ಕೊಳವೆಯ ಸಹಜ ಸ್ವರಶ್ರೇಣಿಯಷ್ಟೇ ಸಿಗುತ್ತಿತ್ತು, ಮಧ್ಯದ ಸ್ವರಗಳಿಗೆ ಸುಲಭದ ದಾರಿ ಇರಲಿಲ್ಲ. ಸರಿಸುವ ಕೊಳವೆಯಿಂದಾಗಿ ಟ್ರೊಂಬೋನಿಗೆ ಮಾತ್ರ ಎಲ್ಲ ಸ್ವರಗಳೂ ಕೈಗೆಟುಕುತ್ತಿದ್ದವು, ಆದರೆ ಅದು ಚರ್ಚಿನ ವಾದ್ಯವೆಂಬ ಮುದ್ರೆ ಹೊತ್ತಿತ್ತು. ಸ್ಟೋಲ್ಟ್ಸೆಲ್ ಮತ್ತು ಬ್ಲೂಮೆಲ್ ಎಂಬ ಇಬ್ಬರು ಜರ್ಮನರು ಕವಾಟಕ್ಕೆ ಪೇಟೆಂಟ್ ಪಡೆದದ್ದು 1818ರಲ್ಲಿ. ಬೆರಳೊತ್ತಿದರೆ ಕೊಳವೆಯ ಉದ್ದ ಬದಲಾಗುವ ಈ ಏರ್ಪಾಟು ನಾಡಿನೆಲ್ಲೆಡೆ ಹರಡಿ, ವಾದಕರಿಗೆ ರೂಢಿಯಾಗುವ ಹೊತ್ತಿಗೆ ಬೀಥೋವನ್ ತನ್ನ ಕೊನೆಯ ಕ್ವಾರ್ಟೆಟ್ಟುಗಳನ್ನು ಬರೆದು ಮುಗಿಸಿ ತೀರಿಕೊಂಡಿದ್ದ. ಪಂಕ್ತಿಯಲ್ಲಿ ಎಲೆ ಹಾಕಿ ಆಗಿತ್ತು. ಹಿತ್ತಾಳೆ ವಾದ್ಯಗಳಿಗೆ ಚೇಂಬರ್ ಸಂಗೀತದ ಮೇರುಕೃತಿಗಳಿಲ್ಲ ಎಂಬ ದೂರನ್ನು ಓದುವಾಗಲೆಲ್ಲ ಈ ಇಸವಿಗಳನ್ನು ನೆನೆಯಬೇಕು. ಆ ಕೊರತೆ ವಾದ್ಯದ ಸ್ವಭಾವದಿಂದ ಬಂದದ್ದಲ್ಲ, ಕಾರ್ಖಾನೆ ತಡ ಮಾಡಿದ್ದರಿಂದ ಬಂದದ್ದು.

ತಡವಾಗಿ ಬಂದರೂ ಬರೆದವರಿಲ್ಲದೆ ಇಲ್ಲ. ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಕಲಿಸುತ್ತಿದ್ದ ವಿಕ್ಟರ್ ಇವಾಲ್ಡ್ (1860–1935), ಪ್ರಕಾಶಕ ಬೆಲಾಯೆವ್‌ನ ಮನೆಯ ಸಂಗೀತಕೂಟದಲ್ಲಿ ಚೆಲ್ಲೊ ನುಡಿಸುತ್ತಿದ್ದವನು, ಗೆಳೆಯರೊಡನೆ ಊದಲೆಂದು ಐವರ ಹಿತ್ತಾಳೆ ಕ್ವಿಂಟೆಟ್ಟುಗಳನ್ನು ಬರೆದ. ಅವುಗಳಲ್ಲಿ ಒಂದು ಮಾತ್ರ ಬಹುಕಾಲ ಜನಕ್ಕೆ ಗೊತ್ತಿತ್ತು. ಉಳಿದವು ಬೆಳಕಿಗೆ ಬಂದದ್ದು 1960, 70ರ ದಶಕಗಳಲ್ಲಿ. ಪೂಲೆಂಕ್ 1922ರಲ್ಲಿ ಹಾರ್ನ್, ಟ್ರಂಪೆಟ್, ಟ್ರೊಂಬೋನ್ ಮೂರಕ್ಕೆ ಒಂದು ಸೊನಾಟಾ ಕೊಟ್ಟ. ಆದರೆ ಬಿಡಿ ಕೃತಿಗಳಿಂದ ಒಂದು ಪ್ರಕಾರ ನಿಲ್ಲುವುದಿಲ್ಲ. ಅದಕ್ಕೆ ವರ್ಷಾನುಗಟ್ಟಲೆ ಒಟ್ಟಿಗಿರುವ ಮೇಳ ಬೇಕು.

ಅಂಥ ಮೇಳವನ್ನು ಲಂಡನ್ನಿನಲ್ಲಿ ಕಟ್ಟಿದವನು ಟ್ರಂಪೆಟ್ ವಾದಕ ಫಿಲಿಪ್ ಜೋನ್ಸ್ (1928–2000). 1951ರಲ್ಲಿ ಶುರುವಾದ ಫಿಲಿಪ್ ಜೋನ್ಸ್ ಬ್ರಾಸ್ ಆನ್ಸಾಂಬಲ್ 1986ರವರೆಗೆ ನಡೆಯಿತು. ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕೂತು ಖಾಲಿ ಅಳತೆಗಳನ್ನು ಎಣಿಸುವುದೇ ಹಿತ್ತಾಳೆ ವಾದಕರ ಪಾಡು. ಬೀಥೋವನ್ನನ ಐದನೆಯ ಸಿಂಫನಿಯಲ್ಲೂ ಬ್ರಾಮ್ಸನ ಮೊದಲನೆಯದರಲ್ಲೂ ಟ್ರೊಂಬೋನಿನವರು ಕೊನೆಯ ಭಾಗ ಬರುವವರೆಗೆ ಸುಮ್ಮನಿರಬೇಕು. ಇಡೀ ಸಂಜೆ ಜವಾಬ್ದಾರಿ ಹೊತ್ತು ನುಡಿಸುವ ಅವಕಾಶವನ್ನು ಜೋನ್ಸ್ ತನ್ನ ಜೊತೆಗಾರರಿಗೆ ತಂದುಕೊಟ್ಟ. ಮುಂದೆ ಟಾಕೆಮಿತ್ಸು, ಲುಟೊಸ್ಲಾವ್ಸ್ಕಿಯಂಥ ದೊಡ್ಡ ರಚನಕಾರರು ಆ ಮೇಳಕ್ಕಾಗಿ ಬರೆದರು. ಕನ್ನಡದ ಓದುಗರಿಗೆ ಇಲ್ಲಿ ಒಂದು ಎಳೆ ಪರಿಚಿತವಾದೀತು. 1960ರ ದಶಕದ ಮೊದಲ ವರ್ಷಗಳಲ್ಲಿ ಜೋನ್ಸ್ ಮುಖ್ಯ ಟ್ರಂಪೆಟ್ ವಾದಕನಾಗಿದ್ದ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾ, ಯುದ್ಧಾನಂತರದ ಕಷ್ಟದ ದಿನಗಳಲ್ಲಿ ಉಳಿದುಕೊಂಡದ್ದಕ್ಕೆ ಮೈಸೂರಿನ ಜಯಚಾಮರಾಜ ಒಡೆಯರ ನೆರವೂ ಒಂದು ಕಾರಣ. 1948ರಲ್ಲಿ ಫಿಲ್ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು ಅವರೇ.

ವಿಮರ್ಶೆಯ ತೊಡಕು ಸ್ಪಷ್ಟವಾಗಿ ಕಾಣುವುದು ಅಟ್ಲಾಂಟಿಕ್ ದಾಟಿದ ಮೇಲೆ. ನ್ಯೂಯಾರ್ಕಿನ ಅಮೆರಿಕನ್ ಬ್ರಾಸ್ ಕ್ವಿಂಟೆಟ್ 1960ರಲ್ಲಿ ಹುಟ್ಟಿತು. ವಾದಕರು ಬದಲಾಗುತ್ತ ಬಂದರೂ ಮೇಳ ನಿಂತಿಲ್ಲ. 1970ರಿಂದ ಆಸ್ಪೆನ್ ಉತ್ಸವದಲ್ಲೂ 1987ರಿಂದ ಜೂಲಿಯಾರ್ಡ್ ಶಾಲೆಯಲ್ಲೂ ನೆಲೆ ಕಂಡುಕೊಂಡಿದೆ. 150ಕ್ಕೂ ಹೆಚ್ಚು ಹೊಸ ಕೃತಿಗಳನ್ನು ಮೊದಲ ಬಾರಿಗೆ ನುಡಿಸಿದ ಹೆಗ್ಗಳಿಕೆ ಅದರದು. ಜನಪ್ರಿಯ ಹಾಡುಗಳ ರೂಪಾಂತರಗಳನ್ನು ಅದು ಮುಟ್ಟುವುದಿಲ್ಲ. ಯುರೋಪಿನ ಪುನರುಜ್ಜೀವನ ಕಾಲದ ಸಂಗೀತ, ಹತ್ತೊಂಬತ್ತನೆಯ ಶತಮಾನದ ಬ್ಯಾಂಡ್ ಸಂಗೀತ, ಮತ್ತು ಜೀವಂತ ರಚನಕಾರರ ಕೃತಿಗಳು, ಇಷ್ಟೇ ಅದರ ಲೋಕ. ನ್ಯೂಸ್‌ವೀಕ್ ಪತ್ರಿಕೆ ಒಮ್ಮೆ ಈ ಐವರನ್ನು ಹಿತ್ತಾಳೆ ವಾದ್ಯಲೋಕದ ಮಹಾಪುರೋಹಿತರು ಎಂದು ಕರೆಯಿತು. ದಶಕಗಳು ಕಳೆದರೂ ಆ ಬಿರುದು ಕಛೇರಿಯ ಕರಪತ್ರಗಳಲ್ಲಿ ಅಚ್ಚಾಗುತ್ತಲೇ ಇದೆ. ಅದು ಯಾವ ಕೃತಿ ಕೇಳಿ ಬರೆದ ಮಾತು, ಆ ಸಂಜೆ ಏನು ನಡೆಯಿತು ಎಂಬುದು ಯಾರ ನೆನಪಿನಲ್ಲೂ ಉಳಿದಿಲ್ಲ. ವಿಮರ್ಶೆ ಕರಗಿಹೋಗಿ ಬಿರುದು ಉಳಿದುಕೊಂಡಿತು. ಭಕ್ತಿ ಹುಟ್ಟಿಸುವುದಕ್ಕೆ ಅಷ್ಟು ಸಾಕು. ಕೇಳುವ ಕಿವಿಗೆ ಅದರಿಂದ ಸಿಗುವುದೇನು?

ಕೇಳುವ ಕಿವಿಗೆ ಬೇಕಾದ ಒಂದು ಸಂಗತಿಯನ್ನೇ ತೆಗೆದುಕೊಳ್ಳಿ. ಈ ಮೇಳದಲ್ಲಿ ಟ್ಯೂಬಾ ಇಲ್ಲ, ಅದರ ಸ್ಥಾನದಲ್ಲಿ ಬಾಸ್ ಟ್ರೊಂಬೋನ್ ಇದೆ. ಟ್ಯೂಬಾ ಅಗಲವಾಗುತ್ತ ಹೋಗುವ ಕೊಳವೆಯ ವಾದ್ಯ, ದುಂಡಗೆ ಹರಡುವ ತಳ ಕೊಡುತ್ತದೆ. ಟ್ರೊಂಬೋನಿನ ಕೊಳವೆ ಬಹುಪಾಲು ಒಂದೇ ಅಳತೆಯದು, ಗೆರೆ ಎಳೆದಂಥ ನಾದ. ಬಾಸ್ ಟ್ರೊಂಬೋನ್ ಇಟ್ಟುಕೊಂಡರೆ ಕೆಳಗಿನ ಎಳೆ ಮೇಲಿನ ಎಳೆಗಳ ಜಾತಿಯದೇ ಆಗುತ್ತದೆ, ಐದೂ ಬೇರೆ ಬೇರೆಯಾಗಿ ಕೇಳುತ್ತವೆ. ಟ್ಯೂಬಾ ಇಟ್ಟುಕೊಂಡರೆ ನಾಲ್ಕು ದನಿಗಳ ಕೆಳಗೆ ಒಂದು ನೆಲ ಸಿಗುತ್ತದೆ. ಇದು ಮೇಳವೊಂದು ಮಾಡಿಕೊಳ್ಳುವ ಎಲ್ಲ ಆಯ್ಕೆಗಳಲ್ಲಿ ಮೂಲಭೂತವಾದದ್ದು, ಅದರ ಸೌಂದರ್ಯದೃಷ್ಟಿಯೇ ಇದರಲ್ಲಿದೆ. ಎಲಿಯಟ್ ಕಾರ್ಟರ್ 1974ರಲ್ಲಿ ಈ ಮೇಳಕ್ಕಾಗಿ ಬರೆದ ಕ್ವಿಂಟೆಟ್ಟಿನಲ್ಲಿ ಒಂದು ನಿಧಾನವಾದ, ಗಂಭೀರವಾದ ಸಂಗೀತವನ್ನು ಒಟ್ಟಿಗೆ ನುಡಿಸಲು ಐವರು ಹೊರಡುತ್ತಾರೆ. ಒಬ್ಬೊಬ್ಬರೂ ತಮ್ಮ ಸ್ವಭಾವ ಎತ್ತಿಕೊಂಡು ಅಡ್ಡ ಬರುತ್ತ ಅದನ್ನು ಪೂರ್ತಿಯಾಗಲು ಬಿಡುವುದಿಲ್ಲ. ಆ ಜಗಳ ಅರ್ಥವಾಗಬೇಕಾದರೆ ಐದೂ ದನಿಗಳು ಬಿಡಿಬಿಡಿಯಾಗಿ ಕೇಳಬೇಕು. ವಿಮರ್ಶೆ ಇದನ್ನು ಹೇಳಿದಾಗ ಓದುಗನಿಗೆ ಹೊಸದೊಂದು ಕಿವಿ ಬಂದಂತಾಗುತ್ತದೆ. ಕಾರ್ಟರನದು ಕಠಿಣ ಸಂಗೀತ ಎಂದು ಒಂದು ಸಾಲಿನಲ್ಲಿ ದಾಟಿಹೋದಾಗ ಏನೂ ಬರುವುದಿಲ್ಲ.

ಇದಕ್ಕೆ ಎದುರು ದಡದಲ್ಲಿ ಕೆನೇಡಿಯನ್ ಬ್ರಾಸ್ ಇದೆ. 1970ರಲ್ಲಿ ಟೊರೊಂಟೊದಲ್ಲಿ ಟ್ರೊಂಬೋನಿನ ಜೀನ್ ವಾಟ್ಸ್ ಮತ್ತು ಟ್ಯೂಬಾದ ಚಕ್ ಡೇಲನ್‌ಬಾಕ್ ಸೇರಿ ಕಟ್ಟಿದ ಮೇಳ. ಕರಿಯ ಉಡುಪು, ಕಾಲಿಗೆ ಬಿಳಿಯ ಕ್ಯಾನ್ವಾಸ್ ಬೂಟು, ಕೃತಿಗಳ ನಡುವೆ ಮಾತು, ತಮಾಷೆ. ಬಾಖ್ ಆದಮೇಲೆ ಜಾಜ್, ಆಮೇಲೆ ಒಪೆರಾದ ಅಣಕ. 1977ರಲ್ಲಿ ಚೀನಾಕ್ಕೆ ಹೋಗಿ ನುಡಿಸಿ ಬಂದರು. ಜಗತ್ತಿನ ಎಷ್ಟೋ ಶಾಲೆ ಕಾಲೇಜುಗಳಲ್ಲಿ ಐದು ಜನ ಹುಡುಗರು ಮೊದಲ ಸಲ ಸೇರಿ ಊದುವುದು ಇವರು ಅಚ್ಚು ಮಾಡಿಸಿದ ಸ್ವರಲಿಪಿಗಳನ್ನೇ. ಇವರ ಬಗ್ಗೆ ವಿಮರ್ಶೆ ಎರಡು ಹೋಳಾಯಿತು. ನಗು ಇದೆಯೆಂದರೆ ಗಾಂಭೀರ್ಯವಿಲ್ಲವೆಂದು ಮೂಗು ಮುರಿದವರು ಒಂದು ಕಡೆ, ಸಭಾಂಗಣ ತುಂಬಿತಲ್ಲ ಎಂದು ಬೆನ್ನು ತಟ್ಟಿದವರು ಇನ್ನೊಂದು ಕಡೆ. ಎರಡೂ ಕಡೆಯವರು ಮಾತಾಡಿದ್ದು ಬೂಟಿನ ಬಗ್ಗೆ. ಬಾಖ್‌ನ ಗೋಲ್ಡ್‌ಬರ್ಗ್ ಪ್ರಭೇದಗಳನ್ನು ಆರ್ಥರ್ ಫ್ರಾಕನ್‌ಪೋಲ್ ಐದು ಹಿತ್ತಾಳೆ ವಾದ್ಯಗಳಿಗೆ ಹೊಂದಿಸಿಕೊಟ್ಟದ್ದನ್ನು ಇವರು ಪೂರ್ತಿಯಾಗಿ ನುಡಿಸಿ ಮುದ್ರಿಸಿದ್ದಾರೆ. ಎರಡು ಕೈ, ಹತ್ತು ಬೆರಳಿಗೆಂದು ಹೆಣೆದ ನೇಯ್ಗೆ ಐದು ಜೋಡಿ ತುಟಿಗಳಿಗೆ ಹಂಚಿಹೋದಾಗ ಏನು ಉಳಿಯಿತು, ಏನು ಸಡಿಲವಾಯಿತು ಎಂಬುದು ಅಲ್ಲಿ ಕೇಳಬೇಕಾದ ಪ್ರಶ್ನೆ. ವಿಯೆನ್ನಾದ ಮ್ನೊಜಿಲ್ ಬ್ರಾಸ್‌ನ ಏಳು ಜನರ ವಿಷಯದಲ್ಲೂ ಹೀಗೆಯೇ. 1992ರಿಂದ ಸಂಗೀತವನ್ನೂ ಪ್ರಹಸನವನ್ನೂ ಬೆಸೆದು ಬಂದವರು ಅವರು. ಓಡುತ್ತ, ಬೀಳುತ್ತ, ಕಾಲಿನಿಂದ ವಾದ್ಯ ಹಿಡಿದು ನುಡಿಸುವಾಗಲೂ ಶ್ರುತಿ ತಪ್ಪದಿರುವುದಕ್ಕೆ ಬೇಕಾದ ಸಾಧನೆ ಯಾವ ಗಂಭೀರ ಕಛೇರಿಗೂ ಕಡಿಮೆಯದಲ್ಲ. ಯಕ್ಷಗಾನದ ಹಾಸ್ಯಗಾರನನ್ನು ಕಂಡ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ರೂಪಾಂತರದ ಪ್ರಶ್ನೆ ಇನ್ನೂ ಜಟಿಲ. ಬೇರೆ ವಾದ್ಯಗಳಿಗೆ ಬರೆದದ್ದನ್ನು ಹಿತ್ತಾಳೆಗೆ ಇಳಿಸಿಕೊಳ್ಳುವುದು ಬಡತನದ ಲಕ್ಷಣವೆಂದು ವಿಮರ್ಶಕರು ಆಗಾಗ ಹೇಳುತ್ತ ಬಂದಿದ್ದಾರೆ. ಮುಸೊರ್ಗ್‌ಸ್ಕಿ 1874ರಲ್ಲಿ ಪಿಯಾನೊಗೆ ಬರೆದ ಚಿತ್ರಪ್ರದರ್ಶನದ ಮಾಲಿಕೆಯನ್ನು ರವೆಲ್ 1922ರಲ್ಲಿ ವಾದ್ಯವೃಂದಕ್ಕೆ ಹೊಂದಿಸಿದಾಗ ಅದು ಸೃಷ್ಟಿಯೆನಿಸಿಕೊಂಡಿತು. ಅದನ್ನೇ ಎಲ್ಗಾರ್ ಹೋವರ್ತ್ 1970ರ ದಶಕದಲ್ಲಿ ಫಿಲಿಪ್ ಜೋನ್ಸನ ಮೇಳಕ್ಕೆ ಹೊಂದಿಸಿದಾಗ ಎರವಲು ಎನ್ನಿಸಿಕೊಳ್ಳುವುದು ಹೇಗೆ? ಹೋವರ್ತ್ ಬ್ರಾಸ್ ಬ್ಯಾಂಡಿನ ಮನೆಯಲ್ಲಿ ಬೆಳೆದವನು, 1978ರಲ್ಲಿ ಲಿಗೆಟಿಯ ಒಪೆರಾ ಮೊದಲ ಬಾರಿ ರಂಗಕ್ಕೆ ಬಂದಾಗ ವಾದ್ಯವೃಂದದ ನಿರ್ದೇಶಕನಾಗಿದ್ದವನು. ಹೊಸ ಸಂಗೀತವನ್ನು ಬಲ್ಲ ಕೈ ಅದು. ಲಂಡನ್ನಿನ ಸೆಪ್ಟ್ಯೂರಾ ಎಂಬ ಏಳು ಜನರ ಮೇಳ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಬ್ರಾಮ್ಸ್, ಮೆಂಡೆಲ್ಸನ್, ಶೂಮನ್, ಬ್ರೂಕ್ನರ್ ಇವರೆಲ್ಲ ಏಳು ಜನರ ಹಿತ್ತಾಳೆ ಮೇಳಕ್ಕೆ ಬರೆದಿದ್ದರೆ ಅದು ಹೇಗಿರುತ್ತಿತ್ತು ಎಂದು ಊಹಿಸಿಕೊಂಡು, ಇಲ್ಲದ ಆ ಚರಿತ್ರೆಯನ್ನು ರೂಪಾಂತರಗಳ ಮೂಲಕ ಕಟ್ಟುವುದು ಅದರ ಹಂಬಲ. 2014ರಿಂದ ನ್ಯಾಕ್ಸೋಸ್ ಕಂಪನಿಯ ಮೂಲಕ ಆ ಮುದ್ರಿಕೆಗಳು ಬಂದಿವೆ. ಕವಾಟ ತಡವಾಗಿ ಬಂದ ನಷ್ಟವನ್ನು ಹೀಗೆ ತುಂಬಿಕೊಳ್ಳುವ ಯೋಚನೆ ನನಗೆ ಪ್ರಿಯವಾದದ್ದು. ಆದರೂ ಅದರಲ್ಲಿ ಒಂದು ಅಪಾಯ ಕಾಣುತ್ತದೆ. ಬ್ರಾಮ್ಸನ ಪಕ್ಕ ಕೂರುವುದರಿಂದಲೇ ಗೌರವ ಬರುತ್ತದೆಂದು ಒಪ್ಪಿಕೊಂಡರೆ, ಎರವಲು ಅಳತೆಗೋಲಿಗೆ ನಾವೇ ಮಣೆ ಹಾಕಿದಂತೆ. ಜೀವಂತ ರಚನಕಾರರಿಂದ ಹೊಸದನ್ನು ಬರೆಸುವ ಅಮೆರಿಕನ್ ಕ್ವಿಂಟೆಟ್ಟಿನ ದಾರಿ ನಿಧಾನದ್ದು, ನಷ್ಟದ್ದು, ಆದರೆ ಮುಂದಕ್ಕೆ ಹೋಗುವುದು ಅದೇ.

ಹಾಗಾದರೆ ಒಳಗಿನಿಂದ ಹುಟ್ಟುವ ಅಳತೆಗೋಲು ಹೇಗಿರುತ್ತದೆ? ಮೊದಲನೆಯದು ಉಸಿರು ಮತ್ತು ತುಟಿ. ವಯೊಲಿನಿನ ಕಮಾನು ಹೋಗುತ್ತಲೂ ನುಡಿಯುತ್ತದೆ, ಬರುತ್ತಲೂ ನುಡಿಯುತ್ತದೆ. ಊದುವವನು ಉಸಿರೆಳೆಯಲು ನಿಲ್ಲಲೇಬೇಕು. ಅದಕ್ಕಿಂತ ಕಟ್ಟುನಿಟ್ಟಾದದ್ದು ತುಟಿಯ ಲೆಕ್ಕ. ಹಿತ್ತಾಳೆ ವಾದ್ಯದಲ್ಲಿ ಕಂಪಿಸುವುದು ತುಟಿಯೇ, ಓಲೆಯಲ್ಲ. ಲೋಹದ ಬಾಯಿಬಟ್ಟಲಿಗೆ ಒತ್ತಿಕೊಂಡ ಆ ಸಣ್ಣ ಸ್ನಾಯು ಬಿಡುವು ಸಿಗದಿದ್ದರೆ ಊದಿಕೊಂಡು ಹೇಳಿದ ಮಾತು ಕೇಳುವುದಿಲ್ಲ. ವಾದ್ಯವೃಂದದಲ್ಲಿ ಆ ಬಿಡುವು ತಾನಾಗಿ ಸಿಗುತ್ತದೆ, ಐದೇ ಜನರಿರುವಲ್ಲಿ ಅದನ್ನು ರಚನಕಾರ ಯೋಚಿಸಿ ಕೊಡಬೇಕು. ಒಂದು ರೂಪಾಂತರ ಒಳ್ಳೆಯದೋ ಅಲ್ಲವೋ ಎಂಬುದನ್ನು ನಾನು ನೋಡುವುದು ಇಲ್ಲಿ. ತಂತಿವಾದ್ಯದ ಹಾಳೆಯನ್ನು ಹಾಗೇ ಎತ್ತಿ ಇಟ್ಟವನು ಬಿಡುವನ್ನು ಮರೆತಿರುತ್ತಾನೆ. ಬಲ್ಲವನು ಒಂದೇ ಸಾಲನ್ನು ಮೊದಲ ಟ್ರಂಪೆಟ್ಟಿನಿಂದ ಎರಡನೆಯದಕ್ಕೆ, ಅಲ್ಲಿಂದ ಹಾರ್ನಿಗೆ ಕೈದಾಟಿಸುತ್ತ, ಆ ದಾಟುವಿಕೆಯನ್ನೇ ಅಂದವಾಗಿಸುತ್ತಾನೆ.

ಎರಡನೆಯದು ಶ್ರುತಿ. ಪಿಯಾನೊದಲ್ಲಿ ಸ್ವರಗಳ ನಡುವಿನ ದೂರ ಶ್ರುತಿ ಮಾಡುವಾಗಲೇ ನಿಗದಿಯಾಗಿರುತ್ತದೆ. ಹಿತ್ತಾಳೆ ಮೇಳ ಸ್ವರಸಮೂಹವೊಂದನ್ನು ಹಿಡಿದಾಗ, ಅದರಲ್ಲಿ ಗಾಂಧಾರ ನುಡಿಸುವವನು ಅದನ್ನು ಪಿಯಾನೊದ ಗಾಂಧಾರಕ್ಕಿಂತ ಕೂದಲೆಳೆಯಷ್ಟು ಇಳಿಸಿ ಕೂರಿಸಬಲ್ಲ. ಕೂರಿಸಿದ ಕ್ಷಣ ಐವರ ನಾದ ಒಂದಾಗಿ ಮೊಳಗುತ್ತದೆ. ಇದು ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದೆ ತಾನಾಗಿ ಕೇಳುವ ಸ್ವಯಂಭೂ ಗಾಂಧಾರವೇ. ಅದೇ ಐದನೆಯ ಉಪಸ್ವರ, ಅದೇ ಭೌತಶಾಸ್ತ್ರ. ನಮ್ಮ ಕಿವಿಗಳು ಇದಕ್ಕೆ ತಯಾರಾಗಿಯೇ ಇವೆ. ಬ್ರಾಸ್ ಕ್ವಿಂಟೆಟ್ಟಿನ ಮುದ್ರಿಕೆ ಕೇಳುವಾಗ ಕರ್ನಾಟಕ ಸಂಗೀತದ ರಸಿಕರು ಆ ಗಾಂಧಾರಕ್ಕೆ ಕಿವಿಯಿಟ್ಟರೆ ಸಾಕು, ಮೇಳದ ಮಟ್ಟ ಎಷ್ಟೆಂಬುದು ಯಾವ ವಿಮರ್ಶಕನ ನೆರವೂ ಇಲ್ಲದೆ ತಿಳಿಯುತ್ತದೆ.

ಮೂರನೆಯದು ದಿಕ್ಕು. ಟ್ರಂಪೆಟ್ಟು, ಟ್ರೊಂಬೋನಿನ ಬಾಯಿ ಶ್ರೋತೃಗಳ ಕಡೆ, ಹಾರ್ನಿನ ಬಾಯಿ ವಾದಕನ ಹಿಂದಕ್ಕೆ. ಹಾರ್ನಿನ ನಾದ ಹಿಂದಿನ ಗೋಡೆಗೆ ತಾಗಿ ತಿರುಗಿ ಬರಬೇಕು. ಹಾಗಾಗಿ ಅವನು ಒಂದು ಎಳೆಯಷ್ಟು ಮುಂಚೆಯೇ ನುಡಿಸಬೇಕು. ಸುಮಾರು 3.7 ಮೀಟರ್ ಉದ್ದದ ಆ ಕೊಳವೆಯಲ್ಲಿ ಅವನು ಓಡಾಡುವ ಎತ್ತರದಲ್ಲಿ ಪಕ್ಕಪಕ್ಕದ ಸ್ವರಗಳು ಒಂದಕ್ಕೊಂದು ತೀರ ಹತ್ತಿರ, ತುಟಿ ತುಸು ಜಾರಿದರೆ ಸ್ವರ ಒಡೆಯುತ್ತದೆ. ಒಡೆದ ಸ್ವರಗಳನ್ನು ಎಣಿಸಿ ತೀರ್ಪು ಕೊಡುವ ವಿಮರ್ಶೆಯೂ ಇದೆ. ಅಂಥ ಲೆಕ್ಕದಲ್ಲಿ ಗೆಲ್ಲುವುದು ಅಪಾಯಕ್ಕೆ ಕೈಹಾಕದ ವಾದಕ. ಮೆಲ್ಲನೆಯ ಎತ್ತರದ ಸ್ವರವನ್ನು ಸದ್ದಿಲ್ಲದೆ ಶುರುಮಾಡಲು ಹೋಗಿ ಒಮ್ಮೆ ಸೋತವನು, ಎಲ್ಲವನ್ನೂ ಸುಭದ್ರವಾದ ಮಧ್ಯಮ ದನಿಯಲ್ಲಿ ಊದಿದವನಿಗಿಂತ ದೊಡ್ಡ ಕಲಾವಿದನಾಗಿರಬಹುದು.

ಇಷ್ಟೆಲ್ಲ ತಿಳಿದವರೇ ಬರೆಯಬೇಕೆಂದರೆ ವಿಮರ್ಶೆ ಪರಿಣತರ ಖಾಸಗಿ ಮಾತಾಗುವುದಿಲ್ಲವೆ ಎಂದು ಕೇಳುವವರಿದ್ದಾರೆ. ಪತ್ರಿಕೆಯ ವಿಮರ್ಶಕ ಸಾಮಾನ್ಯ ಓದುಗನ ಪ್ರತಿನಿಧಿ, ಅವನಿಗಾದ ಅಚ್ಚರಿ ಪ್ರಾಮಾಣಿಕವಾದದ್ದೇ ತಾನೆ ಎಂಬ ಈ ವಾದಕ್ಕೆ ತೂಕವಿದೆ. ಅಚ್ಚರಿಯಿಂದಲೇ ಶುರುವಾಗಲಿ. ಅಚ್ಚರಿಪಟ್ಟವನಿಗೆ ಕಾರಣ ಹುಡುಕುವ ಹೊಣೆ ಇರುತ್ತದೆ, ಅಷ್ಟೆ. ಯಾಕೆ ಅಷ್ಟು ಮೆತ್ತಗೆ ಕೇಳಿಸಿತು, ದನಿ ತಗ್ಗಿಸಲು ಬಿರಡೆ ಹಾಕಿದ್ದರೇ, ಹಾರ್ನಿನವನು ವಾದ್ಯದ ಬಾಯಿಗೆ ಕೈ ತುರುಕಿದ್ದನೆ, ರಚನಕಾರ ಎಲ್ಲರನ್ನೂ ಕೆಳಸ್ಥಾಯಿಗೆ ಇಳಿಸಿದ್ದನೆ ಎಂದು ಎರಡು ಸಾಲು ಬರೆದರೂ ಸಾಮಾನ್ಯ ಓದುಗ ಮುಂದಿನ ಕಛೇರಿಗೆ ತಿಳಿದವನಾಗಿ ಹೋಗುತ್ತಾನೆ. ಪರಿಭಾಷೆ ಬೇಕಾಗಿಲ್ಲ.

ಅಚ್ಚರಿಯ ಇನ್ನೊಂದು ಮುಖ ಕರುಣೆ. ಹಿತ್ತಾಳೆಯವರು ಇಷ್ಟಾದರೂ ಮಾಡಿದರಲ್ಲ ಎಂಬ ಉದಾರತೆಯಲ್ಲಿ ಸಾಧಾರಣ ಕೃತಿಗಳೂ ಹೊಗಳಿಸಿಕೊಂಡಿವೆ. ಕಳೆದ ಅರ್ಧ ಶತಮಾನದಲ್ಲಿ ಬಂದ ಎಷ್ಟೋ ಕ್ವಿಂಟೆಟ್ಟುಗಳು ಒಂದೇ ಎರಕದವು: ಮೊದಲಿಗೆ ಒಂದು ಕಹಳೆಯ ಘೋಷ, ನಡುವೆ ಒಂದು ಭಜನೆಯಂಥ ನಿಧಾನಗತಿ, ಕೊನೆಗೆ ಜಾಜ್ ಸೋಂಕಿದ ಓಟ. ಇವುಗಳನ್ನು ಸಪ್ಪೆಯೆಂದು ಸ್ಪಷ್ಟವಾಗಿ ಹೇಳುವುದು ಈ ಪ್ರಕಾರಕ್ಕೆ ತೋರುವ ಗೌರವ. ಕ್ವಾರ್ಟೆಟ್ಟಿನ ಸಾಧಾರಣ ಕೃತಿಯನ್ನು ಯಾರೂ ಕನಿಕರದಿಂದ ಹೊಗಳುವುದಿಲ್ಲ. ಮಾಲ್ಕಮ್ ಆರ್ನಾಲ್ಡ್ 1961ರಲ್ಲಿ ನ್ಯೂಯಾರ್ಕ್ ಬ್ರಾಸ್ ಕ್ವಿಂಟೆಟ್ಟಿಗೆ ಬರೆದ ಕೃತಿ ಯಾಕೆ ನಿಂತಿತು, ಅದರ ಬೆನ್ನಿಗೆ ಬಂದ ನೂರಾರು ಯಾಕೆ ನಿಲ್ಲಲಿಲ್ಲ ಎಂಬುದನ್ನು ವಿಂಗಡಿಸಿ ತೋರಿಸುವವರು ಬೇಕು. ಸ್ವತಃ ಲಂಡನ್ ಫಿಲ್ಹಾರ್ಮೋನಿಕ್‌ನ ಮುಖ್ಯ ಟ್ರಂಪೆಟ್ ವಾದಕನಾಗಿದ್ದ ಆರ್ನಾಲ್ಡನಿಗೆ ತುಟಿಯ ಲೆಕ್ಕ ಬಾಯಿಪಾಠವಾಗಿತ್ತು ಎಂಬುದು ಆ ಉತ್ತರದ ಒಂದು ಭಾಗವಾದರೂ ಹೌದು.

ಕಣ್ಣು ಕಿವಿಯನ್ನು ಮರೆಮಾಡುವುದೂ ಇದೇ ಕಾಯಿಲೆಯ ಬೇರೊಂದು ಲಕ್ಷಣ. 1980ರಲ್ಲಿ ಮ್ಯೂನಿಕ್ ಫಿಲ್ಹಾರ್ಮೋನಿಕ್‌ನ ಆಯ್ಕೆಯಲ್ಲಿ ಪರದೆಯ ಹಿಂದೆ ನಿಂತು ಟ್ರೊಂಬೋನ್ ನುಡಿಸಿ ಗೆದ್ದವರು ಆಬಿ ಕೊನಾಂಟ್. ಪರದೆ ಸರಿದು ಹೆಂಗಸೆಂದು ಗೊತ್ತಾದಮೇಲೆ ತಮ್ಮ ಜಾಗ ಉಳಿಸಿಕೊಳ್ಳಲು ಅವರು ವರ್ಷಗಟ್ಟಲೆ ನ್ಯಾಯಾಲಯ ಹತ್ತಬೇಕಾಯಿತು. ಇಂದು ನಾರ್ವೆಯ ಟೆನ್‌ಥಿಂಗ್‌ನಂಥ, ಹತ್ತೂ ಜನ ಹೆಂಗಸರೇ ಇರುವ ಮೇಳಗಳಿವೆ. ಟಿನೆ ಥಿಂಗ್ ಹೆಲ್ಸೆತ್ ಅದನ್ನು 2007ರಲ್ಲಿ ಶುರುಮಾಡಿದರು. ಹೆಂಗಸರು ಹಿತ್ತಾಳೆ ಊದುತ್ತಾರೆ ಎಂಬುದೇ ಇನ್ನೂ ಒಂದು ವಿಮರ್ಶೆಯ ತಲೆಬರಹವಾಗುವುದಾದರೆ, ಅದನ್ನು ಬರೆದವರು ಸಂಗೀತ ಕೇಳುವುದಕ್ಕೆ ಇನ್ನೂ ಕೂತಿಲ್ಲ.

ಈ ಹಂತವನ್ನು ಒಂದು ಸಂಗೀತ ದಾಟಬಲ್ಲುದು ಎನ್ನುವುದಕ್ಕೆ ನಮ್ಮಲ್ಲೇ ಸಾಕ್ಷಿ ಇದೆ. ಬಂಟ್ವಾಳದ ಕಡೆಯ ಹುಡುಗ ಕದ್ರಿ ಗೋಪಾಲನಾಥ್ (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಅದರ ಮೈ ಹಿತ್ತಾಳೆಯದಾದರೂ ನುಡಿಯುವುದು ಓಲೆಯಿಂದ, ಹಾಗಾಗಿ ಪಶ್ಚಿಮದವರು ಅದನ್ನು ಮರವಾದ್ಯಗಳ ಗುಂಪಿಗೆ ಸೇರಿಸುತ್ತಾರೆ. ಅದಿರಲಿ. ಬ್ಯಾಂಡಿನ ವಾದ್ಯದಲ್ಲಿ ಕರ್ನಾಟಕ ಸಂಗೀತವೇ ಎಂದು ಮೊದಲಿಗೆ ಕೇಳಿದವರು ಬಹಳ. ಗಮಕ ಬಾರದು, ಕೀಲಿಗಳ ವಾದ್ಯ ಎಂದರು. ಅವರು ವಾದ್ಯವನ್ನೇ ತಿದ್ದಿಸಿಕೊಂಡು, ದಶಕಗಳ ಸಾಧನೆಯಿಂದ ಗಮಕ ತಂದರು. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಕೊನೆಕೊನೆಗೆ ಅವರ ಕಛೇರಿಯ ವಿಮರ್ಶೆ ಸ್ಯಾಕ್ಸೊಫೋನಿನ ಸುದ್ದಿ ಬಿಟ್ಟು ಆ ದಿನದ ಕಲ್ಯಾಣಿ ಹೇಗಿತ್ತು, ಸ್ವರಪ್ರಸ್ತಾರ ಎಲ್ಲಿ ಬಿಗಿಯಾಯಿತು ಎಂದು ಬರೆಯತೊಡಗಿತು. ವಾದ್ಯ ಮರೆಯಾಗಿ ರಾಗ ಮುಂದೆ ಬಂತು. ಅವರಿಗೆ ಸಿಕ್ಕ ನಿಜವಾದ ಮನ್ನಣೆ ಅದೇ ಎಂದು ನಾನು ತಿಳಿದಿದ್ದೇನೆ.

ಹೊಸ ತಲೆಮಾರಿನ ಮೇಳಗಳು ಆ ಮನ್ನಣೆಗೆ ಈಗ ಕಾಯುತ್ತಿವೆ. ಸಿಯಾಟಲ್ಲಿನಲ್ಲಿ ಬೆಳೆದ ಗೆಳೆಯರು 2011ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ದ ವೆಸ್ಟರ್ಲೀಸ್‌ನಲ್ಲಿ ಹಾರ್ನ್ ಇಲ್ಲ, ಟ್ಯೂಬಾ ಇಲ್ಲ, ಎರಡು ಟ್ರಂಪೆಟ್ ಎರಡು ಟ್ರೊಂಬೋನ್ ಮಾತ್ರ. ಮೊದಲ ಮುದ್ರಿಕೆ ವೇಯ್ನ್ ಹೋರ್ವಿಟ್ಸ್ ಎಂಬ ಜಾಜ್ ರಚನಕಾರನ ಸಂಗೀತ. 2020ರ ಮುದ್ರಿಕೆಯಲ್ಲಿ ಹಳೆಯ ಗಾಸ್ಪೆಲ್ ಗಾಯಕರ ಹಾಡುಗಳೂ ಇವೆ. ಬರೆದದ್ದು ಎಲ್ಲಿ ಮುಗಿದು ಆಶುವಾಗಿ ಹುಟ್ಟಿದ್ದು ಎಲ್ಲಿ ಶುರುವಾಯಿತೆಂದು ಕೇಳುವವನಿಗೆ ತಿಳಿಯದ ಹಾಗೆ ನುಡಿಸುತ್ತಾರೆ. ಇವರನ್ನು ಪತ್ರಿಕೆಯ ಶಾಸ್ತ್ರೀಯ ಪುಟಕ್ಕೆ ಹಾಕಬೇಕೋ ಜಾಜ್ ಪುಟಕ್ಕೋ ಎಂಬ ಚರ್ಚೆಯಲ್ಲಿ ವಿಮರ್ಶೆಯ ಜಾಗ ಮುಗಿದುಹೋಗಬಾರದು. ನಾಲ್ಕೂ ವಾದ್ಯಗಳು ಒಂದೇ ಕುಲದವಾಗಿರುವಲ್ಲಿ ಬಣ್ಣದ ವ್ಯತ್ಯಾಸ ತುಂಬ ಕಡಿಮೆ. ಆ ಕಡಿಮೆಯಲ್ಲಿ ಅವರು ಇಡೀ ಮುದ್ರಿಕೆಯ ಹೊತ್ತು ಕಿವಿಯನ್ನು ಹೇಗೆ ಹಿಡಿದಿಡುತ್ತಾರೆ, ಎಲ್ಲಿ ಅದು ಕೈತಪ್ಪುತ್ತದೆ ಎಂಬುದನ್ನು ಯಾರಾದರೂ ಬರೆಯಬೇಕು.

ಓದುಗರಲ್ಲಿ ನನ್ನದೊಂದು ಕೋರಿಕೆ. ಆರ್ನಾಲ್ಡನ ಕ್ವಿಂಟೆಟ್ಟಿನ ಎರಡನೆಯ ಭಾಗವನ್ನು ಮೊದಲು ಕೇಳಿ, ಅದೊಂದು ಶಕೋನ್, ಮರಳಿ ಮರಳಿ ಬರುವ ಆಧಾರದ ಮೇಲೆ ಕಟ್ಟಿದ್ದು. ಆಮೇಲೆ ಕಾರ್ಟರನ ಕ್ವಿಂಟೆಟ್ ಕೇಳಿ, ಒಂದು ಸಲಕ್ಕೆ ದಕ್ಕದಿದ್ದರೆ ಎರಡು ಸಲ. ವಿಮರ್ಶೆಗಳನ್ನು ಅದಾದ ಮೇಲೆ ಓದಿ. ನೀವು ಕೇಳಿದ್ದರಲ್ಲಿ ಒಂದನ್ನಾದರೂ ಹೇಳದ ವಿಮರ್ಶೆಯನ್ನು, ಅದು ಎಷ್ಟೇ ಹೊಗಳಿರಲಿ, ನಂಬಬೇಡಿ.